ಉಳುಕಿದ ಕಾಲು, ಮೂವತ್ತು ವರ್ಷದ ಮೇಲಿನ ಕೀಲುವಾತ

ಮಳೆ ಹಿಡಿದು ಗದ್ದೆಯ ಹುಣಿ ಜಾರತೊಡಗಿತೆಂದರೆ ಉಳುಕಿದ ಕಾಲುಗಳಿಗೆ ಸುಗ್ಗಿ. ಮಂಜೇಶ್ವರ, ಕುಂಬಳೆಯ ಕಡೆ ಅಡಿಕೆ ತೋಟದ ಕಣಿ ದಾಟುವಾಗ, ನೀಲಗಿರಿಯಲ್ಲಿ ಚಹಾ ಸೊಪ್ಪಿನ ಹೊರೆ ಹೊತ್ತು ಇಳಿಜಾರಿನಲ್ಲಿ ಇಳಿಯುವಾಗ, ತಾಳವಾಡಿಯಲ್ಲಿ ಅರಿಸಿನದ ಏರಿಯಿಂದ ಏರಿಗೆ ಕಾಲಿಡುವಾಗ ಪಾದ ಒಮ್ಮೆಲೇ ಒಳಕ್ಕೆ ಹೊರಳುತ್ತದೆ. ಅಕ್ಕಲಕೋಟ, ಜತ್ತದವರಿಗೆ ಮಳೆಯೇ ಬೇಕೆಂದಿಲ್ಲ. ಬೇಸಿಗೆಯಲ್ಲಿ ಬಾಯಿಬಿಟ್ಟ ಕರಿನೆಲದ ಬಿರುಕು ಸಾಕು. ರಾಯದುರ್ಗ, ಮಡಕಶಿರದ ಶೇಂಗಾ ಹೊಲಗಳಲ್ಲಿ ಆ ಕೆಲಸವನ್ನು ಉರುಳುಗಲ್ಲು ಮಾಡುತ್ತದೆ. ಒಳಗೆ 'ಟಕ್' ಎಂದ ಹಾಗಾಗಿ ಕಣ್ಣು ಕತ್ತಲೆ ಬರುತ್ತದೆ. ಸಂಜೆಯ ಹೊತ್ತಿಗೆ ಹರಡು ಬದನೆಕಾಯಿಯಂತೆ ಊದಿರುತ್ತದೆ.

ಆಮೇಲೆ ನಡೆಯುವುದೂ ಎಲ್ಲ ಊರಿನಲ್ಲಿಯೂ ಒಂದೇ. ಯಾರೋ ಎಣ್ಣೆ ಹಾಕಿ ನೀವುತ್ತಾರೆ. ಯಾರೋ ಅರಿಸಿನ ಸುಣ್ಣ ಕಲಸಿ ಮೆತ್ತುತ್ತಾರೆ. ಮೂರು ದಿನ ಕುಂಟಿದ್ದಾಯಿತು, ನಾಲ್ಕನೆಯ ದಿನ ಹೊರೆ ತಲೆಗೇರಿತು. ಬಾವು ಇಳಿದ ಮೇಲೆ ಕಾಲಿನ ಮಾತನ್ನು ಯಾರೂ ಎತ್ತುವುದಿಲ್ಲ. ಅದೇ ವರ್ಷ ಇನ್ನೊಂದು ಸಲ ಉಳುಕಿದರೆ 'ನನ್ನ ಈ ಕಾಲು ಹಾಗೆಯೇ' ಎಂಬ ಮಾತು ಬರುತ್ತದೆ. ಹೀಗೆಯೇ ಇಪ್ಪತ್ತೈದರ ಹುಡುಗ ಐವತ್ತೈದರ ಯಜಮಾನನಾಗುತ್ತಾನೆ. ಬೆಳಿಗ್ಗೆ ಎದ್ದಾಗ ಕಾಲೂರಲು ಆಗುವುದಿಲ್ಲ, ಹೊಲಕ್ಕೆ ಇಳಿಯಲು ಕೋಲು ಬೇಕು. ಕೇಳಿದರೆ 'ವಾಯು ಹಿಡಿದಿದೆ' ಎನ್ನುತ್ತಾನೆ. ಮೂವತ್ತು ವರ್ಷದ ಹಿಂದೆ ಆ ಹುಣಿಯಲ್ಲಿ ಜಾರಿದ್ದು ಅವನಿಗೂ ಮರೆತಿರುತ್ತದೆ, ಮನೆಯವರಿಗೂ ಮರೆತಿರುತ್ತದೆ.

ಆ ಎರಡು ಸಂಗತಿಗಳ ನಡುವೆ ಇರುವ ದಾರಿಯನ್ನು ತೋರಿಸುವುದೇ ಈ ಲೇಖನದ ಕೆಲಸ. ಉಳುಕಿದವರಿಗೆಲ್ಲ ಕೀಲುವಾತ ಬರುವುದೆಂದು ಹೆದರಿಸುವ ಉದ್ದೇಶ ನಮ್ಮದಲ್ಲ, ಹೆಚ್ಚಿನವರಿಗೆ ಬರುವುದಿಲ್ಲ. ಆದರೆ ಈ ಒಂದು ಕೀಲಿನ ವಾತವು ಮಿಕ್ಕ ಕೀಲುಗಳ ವಾತದಂತೆ ಮುಪ್ಪಿನ ಜತೆಗೆ ತಾನಾಗಿ ಬರುವುದು ಅಪರೂಪವೆಂಬುದನ್ನು ರೈತರು ತಿಳಿದಿರುವುದು ಒಳ್ಳೆಯದು.

ಕೀಲಿನ ಕಟ್ಟಡ

ಹರಡು ಎಂದರೂ ಕಾಲಗಂಟು ಎಂದರೂ ಒಂದೇ. ಮೊಣಕಾಲಿನಿಂದ ಕೆಳಗೆ ಎರಡು ಮೂಳೆಗಳು ಇಳಿದು ಬರುತ್ತವೆ. ಒಳಗಡೆಯದು ದಪ್ಪ, ಹೊರಗಡೆಯದು ಸಪುರ. ಇವೆರಡರ ತುದಿಗಳೂ ಸೇರಿ ಮರಗೆಲಸದವನು ಕೊರೆದ ಕಂಡಿಯಂತೆ ಒಂದು ಗೂಡಾಗುತ್ತದೆ. ಪಾದದ ಮೇಲ್ಭಾಗದಲ್ಲಿರುವ ಟೇಲಸ್ ಎಂಬ ಮೂಳೆ ಆ ಗೂಡಿನಲ್ಲಿ ಕುಳಿತು ಹಿಂದಕ್ಕೂ ಮುಂದಕ್ಕೂ ಆಡುತ್ತದೆ. ನೇಗಿಲಿನ ಕಂಡಿಯಲ್ಲಿ ಈಸು ಕೂತಂತೆ ಎಂದರೆ ಹಳಬರಿಗೆ ಬೇಗ ತಿಳಿದೀತು. ಈಸು ಅಲುಗದ ಹಾಗೆ ಬೆಣೆ ಬಡಿಯುತ್ತೇವೆ. ಇಲ್ಲಿ ಬೆಣೆಯ ಕೆಲಸವನ್ನು ಮಾಡುವುದು ಮೂಳೆಯಿಂದ ಮೂಳೆಗೆ ಬಿಗಿದಿರುವ ಗಟ್ಟಿ ನಾರುಗಳು. ವೈದ್ಯರು ಇವನ್ನು ಲಿಗಮೆಂಟ್ ಎನ್ನುವರು. ನಾವು ಕಟ್ಟುನಾರು ಎನ್ನೋಣ.

ಒಳಬದಿಯ ಕಟ್ಟುನಾರು ಅಗಲವಾಗಿ, ಬಲವಾಗಿ ಇದೆ. ಹೊರಬದಿಯಲ್ಲಿ ಮೂರು ನಾರುಗಳಿವೆ, ಮೂರೂ ಸಣ್ಣವು. ಅವುಗಳಲ್ಲಿ ಮುಂದುಗಡೆಯದು ಎಲ್ಲಕ್ಕಿಂತ ದುರ್ಬಲ. ಹೊರಮೂಳೆ ಒಳಮೂಳೆಗಿಂತ ಕೆಳಗಿನವರೆಗೆ ಇಳಿದಿರುವುದರಿಂದ ಪಾದ ಹೊರಕ್ಕೆ ಹೊರಳುವುದು ಕಷ್ಟ, ಒಳಕ್ಕೆ ಹೊರಳುವುದು ಸುಲಭ. ಇನ್ನೊಂದು ವಿಚಾರವೂ ಉಂಟು. ಟೇಲಸ್ ಮೂಳೆ ಮುಂದೆ ಅಗಲ, ಹಿಂದೆ ಕಿರಿದು. ನೆಟ್ಟಗೆ ನಿಂತಾಗ ಅಗಲದ ಭಾಗ ಗೂಡಿನಲ್ಲಿ ಬಿಗಿಯಾಗಿ ಕೂತಿರುತ್ತದೆ. ಇಳಿಜಾರು ಇಳಿಯುವಾಗ, ಮೆಟ್ಟಿಲಿನಿಂದ ಕೆಳಕ್ಕೆ ಕಾಲು ಚಾಚುವಾಗ, ಬೆರಳು ಕೆಳಮುಖವಾದಾಗ ಕಿರಿದಾದ ಭಾಗ ಗೂಡಿಗೆ ಬಂದು ಕೀಲು ಸಡಿಲವಾಗುತ್ತದೆ. ಹತ್ತುವಾಗ ಉಳುಕುವವರಿಗಿಂತ ಇಳಿಯುವಾಗ ಉಳುಕುವವರು ಹೆಚ್ಚಾಗಿರುವುದು ಈ ಕಾರಣದಿಂದಲೇ. ಟ್ರಾಕ್ಟರಿನ ಟ್ರೈಲರಿನಿಂದ ಧುಮುಕುವ ಹುಡುಗರು ಇದನ್ನು ಒಮ್ಮೆ ಓದಿದರೆ ಸಾಕು.

ಪಾದ ಒಳಕ್ಕೆ ಹೊರಳಿದಾಗ ಮೊದಲು ಆ ಮುಂದಿನ ನಾರು ಹಿಗ್ಗುತ್ತದೆ ಅಥವಾ ಹರಿಯುತ್ತದೆ. ಪೆಟ್ಟು ಬಲವಾಗಿದ್ದರೆ ಅದರ ಕೆಳಗಿನದೂ ಹರಿಯುತ್ತದೆ. ಇಷ್ಟೇ ಅಲ್ಲದೆ, ಹೊರಳಿದ ಆ ಕ್ಷಣದಲ್ಲಿ ಟೇಲಸ್ ಮೂಳೆ ಗೂಡಿನ ಗೋಡೆಗೆ ಬಡಿಯುವುದರಿಂದ ಅದರ ಮೇಲಿನ ನುಣುಪಾದ ಹೊದಿಕೆಗೂ ಪೆಟ್ಟಾಗಬಹುದು. ಈ ಹೊದಿಕೆಗೆ ಮೃದ್ವಸ್ಥಿ ಎಂದು ಹೆಸರು. ಎಳನೀರಿನ ಗಂಜಿಗಿಂತ ಗಟ್ಟಿ, ಮೂಳೆಗಿಂತ ಮೆತ್ತಗೆ, ಗಾಜಿನಂತೆ ನುಣುಪು. ಮೊಣಕಾಲಿನಲ್ಲಿ ಅದು ಕೆಲವೆಡೆ ಐದಾರು ಮಿಲಿಮೀಟರು ದಪ್ಪವಿದ್ದರೆ, ಹರಡಿನಲ್ಲಿ ಇರುವುದು ಸುಮಾರು ಒಂದರಿಂದ ಒಂದೂವರೆ ಮಿಲಿಮೀಟರು. ಅದಕ್ಕೆ ರಕ್ತನಾಳವಿಲ್ಲ. ಮೂಳೆ ಮುರಿದರೆ ಮತ್ತೆ ಕೂಡುತ್ತದೆ, ಚರ್ಮ ಹರಿದರೆ ಮಾಯುತ್ತದೆ. ಮೃದ್ವಸ್ಥಿ ಸವೆದರೆ ಮೊದಲಿನಂತೆ ಬೆಳೆಯುವುದಿಲ್ಲ.

ಈ ತೆಳ್ಳನೆಯ ಹೊದಿಕೆಯ ಮೇಲೆ ಬೀಳುವ ಭಾರವೇನು ಕಡಮೆಯೇ? ಬರಿಯ ನಡಿಗೆಯಲ್ಲಿಯೇ ಮೈತೂಕದ ಸುಮಾರು ಐದು ಪಟ್ಟು ಒತ್ತಡ ಈ ಕೀಲಿನ ಮೇಲೆ ಬೀಳುತ್ತದೆ. ಐವತ್ತು ಕಿಲೋ ತೂಗುವ ಹೆಂಗಸಿನ ಹರಡಿಗೆ ಹೆಜ್ಜೆಗೆ ಇನ್ನೂರೈವತ್ತು ಕಿಲೋ. ತಲೆಯ ಮೇಲಿನ ಹುಲ್ಲಿನ ಹೊರೆ ಇದಕ್ಕೆ ಬೇರೆ.

ಸವೆತ ಹೇಗೆ ಬರುತ್ತದೆ

ಎತ್ತಿನ ಗಾಡಿ ಇಟ್ಟವರಿಗೆ ಇದನ್ನು ವಿವರಿಸುವ ಅವಶ್ಯಕತೆಯೇ ಇಲ್ಲ. ಕಡಾಣಿ ಸಡಿಲವಾದ ಗಾಲಿ ಅಚ್ಚಿನ ಮೇಲೆ ನೆಟ್ಟಗೆ ತಿರುಗದೆ ಓಲಾಡುತ್ತದೆ. ಗಾಡಿಯೇನೋ ಓಡುತ್ತದೆ, ಸಂತೆಗೂ ಹೋಗಿ ಬರುತ್ತದೆ. ಆದರೆ ದಿನದಿನಕ್ಕೆ ಗುಂಬದ ಕಂಡಿ ಒಂದೇ ಮಗ್ಗುಲಲ್ಲಿ ಸವೆದು, ಕೊನೆಗೊಂದು ದಿನ ಗಾಲಿಯನ್ನೇ ಬದಲಿಸಬೇಕಾಗುತ್ತದೆ. ಹರಿದ ನಾರು ಉದ್ದವಾಗಿ, ಸಡಿಲವಾಗಿ ಮಾಯ್ದರೆ ಟೇಲಸ್ ಮೂಳೆಯದೂ ಅದೇ ಗತಿ. ಹೆಜ್ಜೆಹೆಜ್ಜೆಗೂ ಅದು ಕೂದಲೆಳೆಯಷ್ಟು ಮುಂದಕ್ಕೆ ಜರುಗುತ್ತದೆ, ಒಳಕ್ಕೆ ತಿರುಗುತ್ತದೆ. ಇಡೀ ಮೈಯ ಭಾರ ಹಂಚಿಹೋಗದೆ ಒಂದು ಮೂಲೆಯಲ್ಲಿ ಬೀಳುತ್ತದೆ.

ಕೂದಲೆಳೆಯಷ್ಟು ಜರುಗಿದರೆ ಏನಾದೀತು ಎನ್ನಬಾರದು. 1976ರಲ್ಲಿ ರ‍್ಯಾಮ್ಸೆ ಮತ್ತು ಹ್ಯಾಮಿಲ್ಟನ್ ಎಂಬ ಅಮೆರಿಕದ ಇಬ್ಬರು ವೈದ್ಯರು ಮೃತದೇಹದ ಕಾಲುಗಳಲ್ಲಿ ಅಳೆದು ನೋಡಿದರು. ಟೇಲಸ್ ಮೂಳೆ ಹೊರಕ್ಕೆ ಒಂದೇ ಒಂದು ಮಿಲಿಮೀಟರು ಸರಿದರೆ ಮೂಳೆಗೆ ಮೂಳೆ ತಾಗುವ ಜಾಗ ನೂರಕ್ಕೆ 42ರಷ್ಟು ಕಡಮೆಯಾಗುವುದೆಂದು ಕಂಡಿತು. ಇದು ಎಲುಬಿನ ಗೂಡೇ ಅಗಲವಾದಾಗ ಆಗುವ ಸ್ಥಿತಿ. ಬರಿಯ ಉಳುಕಿನಲ್ಲಿ ಇಷ್ಟು ಆಗಲಿಕ್ಕಿಲ್ಲ. ಆದರೂ ಈ ಕೀಲು ಎಷ್ಟು ನಾಜೂಕಿನ ಲೆಕ್ಕದ ಮೇಲೆ ನಿಂತಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ಅಮೆರಿಕದ ಅಯೋವಾದಲ್ಲಿ ಹರಡಿನ ವಾತ ಬಲಿತು ಬಂದ 639 ರೋಗಿಗಳ ವಿವರವನ್ನು 2005ರಲ್ಲಿ ಪ್ರಕಟಿಸಿದರು. ಅವರಲ್ಲಿ ನೂರಕ್ಕೆ 70 ಮಂದಿಗೆ ಹಿಂದೆ ಆ ಕಾಲಿಗೆ ಪೆಟ್ಟಾಗಿತ್ತು. ಕಾರಣವಿಲ್ಲದೆ ತಾನಾಗಿ ಬಂದದ್ದು ನೂರಕ್ಕೆ ಏಳೇ. ಪೆಟ್ಟುಗಳಲ್ಲಿ ಮೊದಲ ಸ್ಥಾನ ಮೂಳೆ ಮುರಿತದ್ದು, ಸಂಶಯವಿಲ್ಲ. ಆದರೆ ಮೂಳೆ ಮುರಿಯದೆ ನಾರು ಮಾತ್ರ ಹರಿದವರೂ ಅದರಲ್ಲಿ ಬಹಳ ಮಂದಿ ಇದ್ದರು. ಮಾರನೆಯ ವರ್ಷ, 2006ರಲ್ಲಿ, ವಾಲ್ಡೆರಾಬಾನೊ ಎಂಬ ವೈದ್ಯರು ತಮ್ಮ ಜತೆಯವರೊಂದಿಗೆ ಇಂತಹ ನಾರುಹರಿತದಿಂದಲೇ ವಾತ ಬಂದ 33 ಹರಡುಗಳನ್ನು ಪರೀಕ್ಷಿಸಿ ಬರೆದರು. ಮೊದಲ ಪೆಟ್ಟಿನಿಂದ ವಾತ ಬಲಿಯುವವರೆಗೆ ಕಳೆದ ಕಾಲ ಸರಾಸರಿ 34 ವರ್ಷ. ಇಷ್ಟು ನಿಧಾನವಾಗಿ ಬರುವ ಶತ್ರುವಿಗೆ ಯಾರು ಬೇಲಿ ಹಾಕುತ್ತಾರೆ?

ನಾರಿನ ಇನ್ನೊಂದು ಕೆಲಸ

ನಾರು ಎಂದರೆ ಹಗ್ಗ ಮಾತ್ರವೆಂದು ತಿಳಿದರೆ ಅರ್ಧ ಸತ್ಯ. 1965ರಲ್ಲಿ ಫ್ರೀಮನ್ ಎಂಬ ಇಂಗ್ಲೆಂಡಿನ ಶಸ್ತ್ರವೈದ್ಯರು ಒಂದು ಮುಖ್ಯ ವಿಚಾರವನ್ನು ಎತ್ತಿ ತೋರಿಸಿದರು. ಕಟ್ಟುನಾರಿನ ಒಳಗೆ ಸಣ್ಣ ಸಣ್ಣ ನರದ ತುದಿಗಳಿವೆ. ಪಾದ ಎಷ್ಟು ಓರೆಯಾಗಿದೆ ಎಂಬ ಸುದ್ದಿಯನ್ನು ಅವು ಕ್ಷಣಕ್ಷಣವೂ ಮೇಲಕ್ಕೆ ಕಳಿಸುತ್ತಿರುತ್ತವೆ. ಕತ್ತಲೆಯಲ್ಲಿ ಹುಣಿಯ ಮೇಲೆ ನಡೆದು ಮನೆ ಸೇರುತ್ತೇವಲ್ಲ, ಅದು ಕಣ್ಣಿನಿಂದಲ್ಲ, ಈ ಸುದ್ದಿಯಿಂದ. ನಾರು ಹರಿದಾಗ ಈ ಸುದ್ದಿಯ ತಂತಿಯೂ ಹರಿಯುತ್ತದೆ. ಬಾವು ಇಳಿದು ನೋವು ಹೋದರೂ ತಂತಿ ತಾನಾಗಿ ಕೂಡಿಕೊಳ್ಳುವುದಿಲ್ಲ. ಪಾದ ಓರೆಯಾದದ್ದು ತಿಳಿದು ಸ್ನಾಯು ಬಿಗಿಯುವಷ್ಟರಲ್ಲಿ ತಡವಾಗಿ ಕಾಲು ಮತ್ತೆ ಹೊರಳುತ್ತದೆ. 'ಇದೇ ಕಾಲು ಪದೇ ಪದೇ ಉಳುಕುತ್ತದೆ' ಎಂಬ ದೂರಿನ ಮೂಲ ಬಹಳ ಮಟ್ಟಿಗೆ ಇದು. ಉಳುಕಿದ ಹತ್ತು ಮಂದಿಯಲ್ಲಿ ನಾಲ್ವರವರೆಗೆ ವರ್ಷ ಕಳೆದರೂ ಇಂತಹ ತೊಂದರೆ ಉಳಿದಿರುವುದುಂಟು.

ಫ್ರೀಮನ್ ಕಂಡ ಇನ್ನೊಂದು ಸಂಗತಿಯೆಂದರೆ, ಓಲಾಡುವ ಹಲಗೆಯ ಮೇಲೆ ಒಂಟಿ ಕಾಲಿನಲ್ಲಿ ನಿಲ್ಲುವ ಅಭ್ಯಾಸ ಮಾಡಿಸಿದರೆ ಆ ಸುದ್ದಿಯ ವ್ಯವಸ್ಥೆ ಚುರುಕಾಗುತ್ತದೆ ಎಂಬುದು. ಮದ್ದಿಲ್ಲ, ಖರ್ಚಿಲ್ಲ. ಇದರ ವಿಚಾರಕ್ಕೆ ಮುಂದೆ ಬರೋಣ.

ಉಳುಕಿದ ದಿನ

ಮೊದಲು ಕಾಲಿನ ಕಡಗ, ಗೆಜ್ಜೆ, ಕಾಲುಂಗುರಗಳನ್ನು ತೆಗೆಯಿರಿ. ಬಾವು ಏರಿದ ಮೇಲೆ ಕಾಲುಂಗುರ ಕತ್ತರಿಸುವುದಕ್ಕೆ ಅಕ್ಕಸಾಲಿಗರನ್ನು ಕರೆಯಬೇಕಾಗುತ್ತದೆ. ಶಾಸ್ತ್ರಕ್ಕೆ ವಿರೋಧವೆಂದು ಅತ್ತೆಯವರು ಆಕ್ಷೇಪಿಸಿದರೆ ಇನ್ನೊಂದು ಕಾಲಿನದು ಇದೆಯಷ್ಟೆ ಎನ್ನಬಹುದು.

ಆಮೇಲೆ ನೋಡಬೇಕಾದದ್ದು ಮೂಳೆ ಮುರಿದಿದೆಯೆ ಎಂದು. ಕೆನಡಾದ ಒಟ್ಟಾವಾದಲ್ಲಿ 1992ರಲ್ಲಿ ಗೊತ್ತುಮಾಡಿದ ಒಂದು ನಿಯಮ ಇಂದು ಜಗತ್ತಿನ ತುಂಬ ಬಳಕೆಯಲ್ಲಿದೆ. ಹಳ್ಳಿಯಲ್ಲಿಯೂ ಅದನ್ನು ನೆನಪಿಡಬಹುದು. ಕುಂಟುತ್ತಲಾದರೂ ನಾಲ್ಕು ಹೆಜ್ಜೆ ಹಾಕಲು ಆಗದಿದ್ದರೆ ಎಕ್ಸರೇ ತೆಗೆಸಬೇಕು. ಹರಡಿನ ಎರಡು ಮೊಗ್ಗಿನಂತಹ ಮೂಳೆಗಳ ತುದಿಯನ್ನೂ, ಅಲ್ಲಿಂದ ಮೇಲಕ್ಕೆ ಆರು ಸೆಂಟಿಮೀಟರಿನವರೆಗೆ ಅವುಗಳ ಹಿಂದಿನ ಅಂಚನ್ನೂ ಬೆರಳಿನಿಂದ ಒತ್ತಿ ನೋಡಿರಿ. ಪಾದದ ಹೊರ ಅಂಚಿನ ನಡುವೆ ಉಬ್ಬಿದ ಮೂಳೆ, ಒಳ ಅಂಚಿನಲ್ಲಿ ಕಮಾನಿನ ಮೇಲೆ ಉಬ್ಬಿದ ಮೂಳೆ, ಇವನ್ನೂ ಒತ್ತಿರಿ. ಮೂಳೆಯ ಮೇಲೆಯೇ ನೋವಿದ್ದರೂ ಎಕ್ಸರೇ ಬೇಕು. ಇವೆರಡೂ ಇಲ್ಲದಿದ್ದರೆ ಮುರಿದಿರುವ ಸಂಭವ ಬಹಳ ಕಡಮೆ. ಚಿಕ್ಕ ಮಕ್ಕಳು, ಕುಡಿದವರು, ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು, ಇವರ ವಿಷಯದಲ್ಲಿ ಈ ನಿಯಮವನ್ನು ನಂಬಿ ಕೂಡಬಾರದು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಎಕ್ಸರೇಯಲ್ಲಿ ಮೂಳೆ ಕಾಣುತ್ತದೆಯೇ ಹೊರತು ನಾರು ಕಾಣುವುದಿಲ್ಲ. 'ಮೂಳೆಗೆ ಏನೂ ಆಗಿಲ್ಲ' ಎಂದು ಡಾಕ್ಟರರು ಹೇಳಿದ್ದನ್ನು ನಮ್ಮವರು 'ಏನೂ ಆಗಿಲ್ಲ' ಎಂದು ಕೇಳಿಸಿಕೊಂಡು ಮರುದಿನ ಮರ ಹತ್ತುತ್ತಾರೆ. ಸಡಿಲವಾಗಿ ಉಳಿಯುವ ಕಾಲುಗಳಲ್ಲಿ ಎಷ್ಟೋ ಕಾಲುಗಳ ಕಥೆ ಈ ಒಂದು ಅಪಾರ್ಥದಿಂದಲೇ ಶುರುವಾಗುತ್ತದೆ ಎನ್ನಬೇಕು.

ಮೊದಲ ಎರಡು ಮೂರು ದಿನ ಕಾಲನ್ನು ಎದೆಯ ಮಟ್ಟಕ್ಕಿಂತ ಎತ್ತರವಾಗಿ ದಿಂಬಿನ ಮೇಲೆ ಇಟ್ಟು ಮಲಗಬೇಕು. ಐಸು ಸಿಕ್ಕಿದರೆ ಬಟ್ಟೆಯಲ್ಲಿ ಸುತ್ತಿ ಹದಿನೈದು ಇಪ್ಪತ್ತು ನಿಮಿಷ ಇಡಬಹುದು, ನೋವು ಕಡಮೆಯಾಗುತ್ತದೆ. ಬರಿಯ ಐಸನ್ನು ಚರ್ಮಕ್ಕೆ ತಾಗಿಸಕೂಡದು. ಐಸಿಲ್ಲದ ಊರಿನಲ್ಲಿ ಬಾವಿಯ ತಣ್ಣೀರಿನ ಬಟ್ಟೆಯಾದರೂ ಆದೀತು. ಬೆರಳಿನ ಬುಡದಿಂದ ಮೇಲಕ್ಕೆ ಕ್ರೇಪ್ ಬ್ಯಾಂಡೇಜು ಸುತ್ತಿರಿ. ಬೆರಳು ತಣ್ಣಗಾದರೆ, ನೀಲಿಯಾದರೆ, ಜೋಮು ಹಿಡಿದರೆ ತಕ್ಷಣ ಬಿಚ್ಚಬೇಕು.

ನೀವುವುದು, ಬಿಸಿ ಶಾಖ ಕೊಡುವುದು, ಹೆಂಡ ಸಾರಾಯಿ ಕುಡಿಯುವುದು, ಈ ಮೂರೂ ಈ ದಿನಗಳಲ್ಲಿ ಸಲ್ಲದು. ಒಳಗೆ ಒಡೆದ ರಕ್ತನಾಳಗಳು ಇನ್ನೂ ಮುಚ್ಚಿಕೊಳ್ಳುತ್ತಿರುವಾಗ ನೀವಿದರೆ ರಕ್ತ ಮತ್ತೆ ಸೋರಿ ಬಾವು ಏರುತ್ತದೆ. ಲಕ್ಕಿ ಸೊಪ್ಪಿನ ಶಾಖ, ಎಕ್ಕದ ಎಲೆಯ ಶಾಖಗಳನ್ನು ನಾವು ಹೀಯಾಳಿಸುವುದಿಲ್ಲ. ವಾರ ಕಳೆದು ಬಾವು ಇಳಿದ ಮೇಲೆ ಬಿಗಿದ ಕಾಲಿಗೆ ಬಿಸಿ ಹಿತವಾಗಿಯೇ ಇರುತ್ತದೆ. ಕಾಲ ತಪ್ಪಿದ ಬಿತ್ತನೆಯಂತೆ ಆಗಬಾರದು ಅಷ್ಟೆ.

ನಾಟಿ ಕಟ್ಟಿನ ವಿಷಯ ಬಿಟ್ಟು ಮುಂದೆ ಹೋಗುವಂತಿಲ್ಲ. ದಕ್ಷಿಣ ದೇಶದಲ್ಲೆಲ್ಲ ಹೆಸರಾದ ಪುತ್ತೂರು ಕಟ್ಟು, ಕಾಸರಗೋಡಿನವರು ತಮ್ಮ ನೆರೆಯ ಪುತ್ತೂರೆಂದು ತಿಳಿಯಬಾರದು, ತಿರುಪತಿಯ ಹತ್ತಿರದ ಪುತ್ತೂರಿನದು. ಇಂತಹ ಮನೆತನಗಳವರ ಕೈಯಲ್ಲಿ ತಲೆಮಾರುಗಳ ಅನುಭವ ಉಂಟು, ಅದನ್ನು ಅಲ್ಲಗಳೆಯುವುದು ಸರಿಯಲ್ಲ. ಆದರೆ ಊರೂರಿನಲ್ಲಿ ಆ ಹೆಸರಿನಿಂದ ಬಿದಿರು ದಬ್ಬೆ ಬಿಗಿಯುವವರೆಲ್ಲರೂ ಅವರಲ್ಲ. ಬಾವು ಏರುತ್ತಿರುವ ಕಾಲಿಗೆ ಬಿಗಿಯಾದ ದಬ್ಬೆ ಕಟ್ಟಿದರೆ ರಕ್ತಸಂಚಾರ ನಿಂತು ಪಾದವೇ ಕೊಳೆಯುವ ಅಪಾಯವಿದೆ. ಮತ್ತು ಮುರಿಯದ ಕಾಲನ್ನು ಒಂದೂವರೆ ತಿಂಗಳು ಅಲ್ಲಾಡಿಸದೆ ಕಟ್ಟಿ ಇಡುವುದು ಉಪಕಾರವಲ್ಲ. ಮೃದ್ವಸ್ಥಿಗೆ ರಕ್ತನಾಳವಿಲ್ಲವೆಂದೆವಷ್ಟೆ, ಕೀಲು ಆಡಿದಾಗ ಒತ್ತಿ ಬಿಡುವ ಕೀಲಿನ ದ್ರವದಿಂದಲೇ ಅದಕ್ಕೆ ಆಹಾರ ಸಿಗುತ್ತದೆ. ಆಡದ ಕೀಲಿನ ಮೃದ್ವಸ್ಥಿ ಹಸಿದಿರುತ್ತದೆ.

ಹಾಗೆಂದು ಕಟ್ಟೇ ಬೇಡವೆಂದಲ್ಲ. ಕಾಲೂರಲೇ ಆಗದಷ್ಟು ಬಲವಾಗಿ ಉಳುಕಿದ 584 ಜನರನ್ನು ಇಂಗ್ಲೆಂಡಿನಲ್ಲಿ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಬರಿಯ ಬ್ಯಾಂಡೇಜು ಕಟ್ಟಿಸಿಕೊಂಡವರಿಗಿಂತ ಹತ್ತು ದಿನ ಮೊಣಕಾಲಿನ ಕೆಳಗೆ ಪ್ಲಾಸ್ಟರು ಹಾಕಿಸಿಕೊಂಡವರು ಮೂರು ತಿಂಗಳ ಹೊತ್ತಿಗೆ ಚೆನ್ನಾಗಿ ಚೇತರಿಸಿಕೊಂಡಿದ್ದರು. ಹತ್ತು ದಿನ ಎಂಬುದನ್ನು ಗಮನಿಸತಕ್ಕದ್ದು. ಅದು ಹತ್ತು ವಾರವಲ್ಲ.

ಬಾವು ಇಳಿದ ಮೇಲೆ

ಎಲ್ಲರೂ ಕೆಲಸ ಮುಗಿಯಿತೆನ್ನುವ ಈ ಹಂತದಲ್ಲಿಯೇ ನಿಜವಾದ ಕೆಲಸ ಶುರುವಾಗುತ್ತದೆ. ಹರಿದ ನಾರಿಗೆ ಎಳೆ ಕೂಡಲು ಸುಮಾರು ಆರು ವಾರ ಬೇಕು. ಪೂರ್ತಿ ಗಟ್ಟಿಯಾಗುವುದಕ್ಕೆ ವರ್ಷದವರೆಗೂ ಹಿಡಿಯುತ್ತದೆ. ಆ ಎಳೆಗಳು ಎತ್ತ ಎಳೆತ ಬೀಳುವುದೋ ಅತ್ತ ಸಾಲಾಗಿ ಕೂಡುತ್ತವೆ. ಹದವಾದ ಎಳೆತ ಸಿಕ್ಕರೆ ಹುರಿಹಗ್ಗವಾಗುತ್ತವೆ, ಸಿಗದಿದ್ದರೆ ಸಿಕ್ಕುಸಿಕ್ಕಾದ ನಾರಿನ ಉಂಡೆಯಾಗುತ್ತವೆ.

ನೋವು ತಡೆಯುವಂತಾದ ಮೂರು ನಾಲ್ಕನೆಯ ದಿನದಿಂದ, ಕುಳಿತಲ್ಲಿಯೇ ಹೆಬ್ಬೆರಳಿನಿಂದ ಗಾಳಿಯಲ್ಲಿ ಅಕ್ಷರ ಬರೆಯಿರಿ. ಅ ದಿಂದ ಳ ವರೆಗೆ ದಿನಕ್ಕೆ ಎರಡು ಸಲ. ಇಂಗ್ಲಿಷಿನವರೂ ತಮ್ಮ ಅಕ್ಷರಗಳಿಂದ ಇದನ್ನೇ ಮಾಡಿಸುತ್ತಾರೆ. ಆದರೆ ದುಂಡಗೆ ಸುತ್ತಿ ಬರುವ ನಮ್ಮ ಅಕ್ಷರ ಈ ಕೀಲಿಗೆ ಹೇಳಿ ಮಾಡಿಸಿದಂತಿದೆ. ಕಾಲಿನಿಂದ ಅಕ್ಷರ ಬರೆಯುವುದು ಸರಸ್ವತಿಗೆ ಅಪಚಾರವೆಂದು ಮನಸ್ಸು ಒಪ್ಪದವರು ಬರಿಯ ಸೊನ್ನೆಗಳನ್ನು ಎಡಕ್ಕೂ ಬಲಕ್ಕೂ ಸುತ್ತಿದರೂ ಆಗುತ್ತದೆ.

ಎರಡನೆಯ ಮೂರನೆಯ ವಾರದಲ್ಲಿ, ಕುಂಟದೆ ನಡೆಯುವಂತಾದಾಗ, ಗೋಡೆಗೆ ಕೈ ಹಚ್ಚಿ ಉಳುಕಿದ ಕಾಲಿನ ಮೇಲೆ ಒಂಟಿಯಾಗಿ ನಿಲ್ಲಿರಿ. ಅರ್ಧ ನಿಮಿಷ ನಿಂತು ಇಳಿಸಿ, ಹೀಗೆ ಐದಾರು ಸಲ. ಅದು ಸಲೀಸಾದರೆ ಗೋಡೆಯನ್ನು ಬಿಡಿ. ಅದೂ ಸಲೀಸಾದರೆ ಕಣ್ಣು ಮುಚ್ಚಿ. ಆಮೇಲೆ ಖಾಲಿ ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲೆ ನಿಲ್ಲಿರಿ. ಫ್ರೀಮನ್ನರ ಹಲಗೆ ನಮಗೆ ಗೋಣಿಯಲ್ಲಿಯೇ ಸಿಕ್ಕಂತಾಯಿತು. ಜತೆಗೆ ಜಗಲಿಯ ಮೆಟ್ಟಿಲಿನಲ್ಲಿ ಹಿಮ್ಮಡಿ ಎತ್ತಿ ಇಳಿಸುವುದು ಹತ್ತು ಹದಿನೈದು ಸಲ. ಬೆಳಿಗ್ಗೆ ಹಲ್ಲುಜ್ಜುವ ಹೊತ್ತಿನಲ್ಲಿ ಮಾಡಿದರೆ ಬೇರೆ ವೇಳೆ ತೆಗೆದಿಡಬೇಕಾಗಿಲ್ಲ. ಕೊಕ್ಕರೆಯಂತೆ ನಿಂತದ್ದನ್ನು ಕಂಡು ಮಕ್ಕಳು ನಕ್ಕರೆ ಅವರನ್ನೂ ನಿಲ್ಲಿಸಿ; ಅವರಿಗೂ ಒಳ್ಳೆಯದೇ.

ಇದು ಬರಿಯ ಉಪದೇಶವಲ್ಲ. ಹಾಲೆಂಡಿನಲ್ಲಿ ಕಾಲು ಉಳುಕಿದ 522 ಆಟಗಾರರನ್ನು ಎರಡು ಪಾಲು ಮಾಡಿ, ಒಂದು ಪಾಲಿನವರು ಮಾಮೂಲು ಚಿಕಿತ್ಸೆಯ ಜತೆಗೆ ಎಂಟು ವಾರ ಮನೆಯಲ್ಲಿಯೇ, ಯಾರ ಮೇಲ್ವಿಚಾರಣೆಯೂ ಇಲ್ಲದೆ, ಇಂತಹ ಸಮತೋಲದ ಅಭ್ಯಾಸ ಮಾಡುವಂತೆ ಗೊತ್ತುಪಡಿಸಿದರು. 2009ರಲ್ಲಿ ಅದರ ಫಲ ಪ್ರಕಟವಾಯಿತು. ಒಂದು ವರ್ಷದೊಳಗೆ ಮತ್ತೆ ಉಳುಕಿಸಿಕೊಂಡವರು ಅಭ್ಯಾಸ ಮಾಡದವರಲ್ಲಿ ನೂರಕ್ಕೆ 33, ಮಾಡಿದವರಲ್ಲಿ 22. ಮತ್ತೆ ಉಳುಕದ ಪ್ರತಿಯೊಂದು ಸಲವೂ ಆ ತೆಳ್ಳನೆಯ ಹೊದಿಕೆಗೆ ಒಂದು ಪೆಟ್ಟು ತಪ್ಪಿದಂತೆ. ಆಟಗಾರರಿಗೆ ಒದಗಿದ್ದು ಉಳುವವನಿಗೆ ಒದಗಬಾರದೇಕೆ? ಅವನ ಮೈದಾನ ಅವರದಕ್ಕಿಂತ ಏರುತಗ್ಗಾದದ್ದು.

ದುಡಿಮೆಗೆ ಮರಳುವುದು

ಇದೇ ಕಷ್ಟದ ಮಾತು, ನಮಗೆ ಗೊತ್ತಿದೆ. ನಾಟಿ ನಿಲ್ಲುವುದಿಲ್ಲ, ಹಸು ಹುಲ್ಲು ಕೇಳದೆ ಬಿಡುವುದಿಲ್ಲ, ಕೂಲಿಯವನಿಗೆ ದಿನ ತಪ್ಪಿದರೆ ಒಲೆ ತಪ್ಪುತ್ತದೆ. ಅದರಲ್ಲಿಯೂ ಮನೆಯ ಹೆಂಗಸು ಉಳುಕಿದ ಕಾಲಿನಲ್ಲಿಯೇ ನೀರು ಹೊತ್ತು, ಹುಲ್ಲು ಹೊತ್ತು ತಿರುಗುವುದನ್ನು ಎಲ್ಲರೂ ಕಂಡಿದ್ದೇವೆ. ಗಂಡಸು ಮಲಗಿದರೆ ಕಷಾಯ ಮಾಡಿಕೊಡಲು ಅವಳಿದ್ದಾಳೆ, ಅವಳು ಮಲಗಿದರೆ ಯಾರು? ಹಿಂದೆ ಮುಯ್ಯಾಳು ಎಂಬ ಪದ್ಧತಿ ಇದ್ದದ್ದು ಇಂತಹ ಹೊತ್ತಿಗಾಗಿಯೇ. ಅದು ಉಳಿದಿರುವ ಊರುಗಳಲ್ಲಿ ಮೂರು ವಾರ ಹೊರೆಯ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿ, ತಾವು ಕುಳಿತು ಅಡಿಕೆ ಸುಲಿಯುವುದು, ಬೀಜ ಆರಿಸುವುದು ಮುಂತಾದ ಕೆಲಸ ಹಿಡಿಯಬಹುದು.

ಕಣ್ಣು ಮುಚ್ಚಿ ಒಂಟಿ ಕಾಲಿನಲ್ಲಿ ಉಳುಕಿದ ಕಾಲೂ ಒಳ್ಳೆಯ ಕಾಲಿನಷ್ಟೇ ಹೊತ್ತು ನಿಲ್ಲುವವರೆಗೆ ತಳೆ ಹಾಕಿ ಅಡಿಕೆ ಮರ ಹತ್ತತಕ್ಕದ್ದಲ್ಲ. ಮರದ ಮೇಲೆ ಕಾಲು ಮೋಸ ಮಾಡಿದರೆ ಹರಡಿನ ಮಾತು ಹಾಗಿರಲಿ, ಬೆನ್ನೆಲುಬಿನ ಮಾತಾಗುತ್ತದೆ. ಹೊರೆ ಹೊರುವಾಗ ಕೆಲವು ತಿಂಗಳು ಲೇಸು ಬಿಗಿಯುವ ಹರಡುಪಟ್ಟಿಯನ್ನು ಕಟ್ಟಿಕೊಂಡರೆ ಒಳ್ಳೆಯದು. ಹವಾಯಿ ಚಪ್ಪಲಿ ಕೆಸರಿನಲ್ಲಿ ಕಾಲಿಗಿಂತ ಮುಂದೆ ಓಡುತ್ತದೆ. ಸಡಿಲವಾದ ಗಂಬೂಟಿನಲ್ಲಿಯೂ ಪಾದ ಒಳಗೇ ಹೊರಳುತ್ತದೆ. ಹರಡು ಮುಚ್ಚುವ, ಲೇಸಿರುವ ಬೂಟು ಇವೆರಡಕ್ಕಿಂತ ಮೇಲು. ತೋಟದ ಕಣಿಗೆ ಒಂದು ಅಗಲವಾದ ಹಲಗೆ, ಇಳಿಜಾರಿಗೆ ನಾಲ್ಕು ಮೆಟ್ಟಿಲು, ಇಷ್ಟಕ್ಕೆ ಅರ್ಧ ದಿನದ ಕೆಲಸ ಸಾಕು.

ಸಕ್ಕರೆ ಕಾಯಿಲೆಯವರಿಗೆ ಬೇರೆಯೇ ಒಂದು ಮಾತು ಹೇಳಬೇಕಾಗಿದೆ. ಜೋಮು ಹಿಡಿದ ಪಾದ ನೋವೇ ಇಲ್ಲದೆ, ಅಥವಾ ಅಲ್ಪ ನೋವಿನಿಂದ, ಊದಿ ಬಿಸಿಯಾಗಿ ಕೆಂಪೇರಿದರೆ ಅದನ್ನು ಉಳುಕೆಂದು ತಿಳಿದು ಮನೆಯಲ್ಲಿ ಕೂಡಬೇಡಿ. ಒಳಗೆ ಮೂಳೆಗಳು ಪುಡಿಯಾಗುತ್ತಿರಬಹುದು. ಆ ಕಾಲನ್ನು ಊರದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ವಾತ ಬಂದೇ ಬಿಟ್ಟಿದ್ದರೆ

ಈ ಬರಹ ಮೂವತ್ತು ವರ್ಷ ತಡವಾಗಿ ಬಂತು ಎನ್ನುವ ಓದುಗರೂ ಇರುವರು. ಬೆಳಿಗ್ಗೆಯ ಮೊದಲ ಹೆಜ್ಜೆಗಳಲ್ಲಿ ಬಿಗಿತ, ಕುಳಿತು ಎದ್ದಾಗ ನೋವು, ದುಡಿದ ಸಂಜೆ ಬಾವು, ಕುಕ್ಕರುಗಾಲಿನಲ್ಲಿ ಕೂತರೆ ಹಿಮ್ಮಡಿ ನೆಲಕ್ಕೆ ತಾಗದಿರುವುದು, ಇವು ಅದರ ಗುರುತುಗಳು. ಸವೆದದ್ದನ್ನು ಮರಳಿ ತರುವ ಮದ್ದಿಲ್ಲ. ಹಾಗೆಂದು ಮಾರುವವರ ಎಣ್ಣೆಗೆ ಹಣ ಸುರಿಯಬೇಡಿ. ಆದರೆ ನೋವನ್ನು ಹತೋಟಿಯಲ್ಲಿಟ್ಟು ಬಹಳ ವರ್ಷ ನಡೆಯಬಹುದು. ಮೈತೂಕ ಒಂದು ಕಿಲೋ ಇಳಿದರೆ ಕೀಲಿನ ಮೇಲೆ ಐದು ಕಿಲೋ ಇಳಿಯುತ್ತದೆ ಎಂಬ ಮೇಲಿನ ಲೆಕ್ಕ ಇಲ್ಲಿ ಲಾಭಕ್ಕೆ ಬರುತ್ತದೆ. ಕೋಲನ್ನು ನೋಯುವ ಕಾಲಿನ ಕಡೆಯ ಕೈಯಲ್ಲಿ ಅಲ್ಲ, ಎದುರು ಕೈಯಲ್ಲಿ ಹಿಡಿಯಬೇಕು. ಅಡಿ ಮುಂದೆ ತೊಟ್ಟಿಲಿನಂತೆ ಬಾಗಿರುವ ಬೂಟು, ಹರಡುಪಟ್ಟಿ, ಮೇಲೆ ಹೇಳಿದ ವ್ಯಾಯಾಮ, ಇವೆಲ್ಲ ಸಹಾಯಕ.

ಅಂಗಡಿಯಲ್ಲಿ ಬಿಡಿಬಿಡಿಯಾಗಿ ಸಿಗುವ ನೋವಿನ ಗುಳಿಗೆಗಳ ವಿಷಯದಲ್ಲಿ ಮಾತ್ರ ನಾವು ಕಟುವಾಗಿ ಹೇಳಬೇಕಾಗಿದೆ. ಡೈಕ್ಲೋಫೆನಾಕ್ ಮೊದಲಾದವುಗಳನ್ನು ತಿಂಗಳಾನುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು ಬರುತ್ತದೆ, ಮೂತ್ರಪಿಂಡ ಕೆಡುತ್ತದೆ. ಬಿಸಿಲಿನಲ್ಲಿ ಬೆವರಿ, ನೀರು ಕಡಮೆ ಕುಡಿದು ದುಡಿಯುವವನಿಗೆ ಈ ಅಪಾಯ ಇಮ್ಮಡಿ. ಕಾಲಿನ ನೋವಿಗೆ ಮದ್ದು ತಿಂದು ಡಯಾಲಿಸಿಸ್ ಹಾಸಿಗೆ ಸೇರುವುದು ಯಾವ ಲೆಕ್ಕದ ಲಾಭ?

ಕಾಲು ಸಡಿಲವಾಗಿದ್ದು ಇನ್ನೂ ಸವೆದಿಲ್ಲದವರಿಗೆ, ತಿಂಗಳುಗಟ್ಟಲೆ ಅಭ್ಯಾಸ ಮಾಡಿಯೂ ಪ್ರಯೋಜನವಾಗದಿದ್ದರೆ, ಹರಿದ ನಾರನ್ನು ಮತ್ತೆ ಬಿಗಿದು ಹೊಲಿಯುವ ಶಸ್ತ್ರಕ್ರಿಯೆ ಉಂಟು. 1966ರಲ್ಲಿ ಸ್ವೀಡನ್ನಿನ ಬ್ರೋಸ್ಟ್ರಮ್ ಎಂಬವರು ವಿವರಿಸಿದ ಕ್ರಮವೇ ಸ್ವಲ್ಪ ಸುಧಾರಣೆಯೊಂದಿಗೆ ಇಂದಿಗೂ ನಡೆಯುತ್ತಿದೆ. ಪೂರ್ತಿ ಸವೆದ ಕೀಲಿಗಾದರೆ ಎರಡು ದಾರಿ: ಮೂಳೆಗಳನ್ನು ಬೆಸೆದು ಕೀಲನ್ನೇ ನಿಲ್ಲಿಸುವುದು, ಇಲ್ಲವೆ ಲೋಹದ ಕೀಲು ಕೂಡಿಸುವುದು. ಬೆಸೆದರೆ ನೋವು ಹೋಗುತ್ತದೆ, ಹೊಲದ ಕೆಲಸಕ್ಕೂ ತಾಳುತ್ತದೆ; ಆದರೆ ಅದರ ಪಾಲಿನ ದುಡಿಮೆ ಅಕ್ಕಪಕ್ಕದ ಸಣ್ಣ ಕೀಲುಗಳ ಮೇಲೆ ಬಿದ್ದು ವರ್ಷಗಳ ಮೇಲೆ ಅವೂ ಸವೆಯಬಹುದು. ಲೋಹದ ಕೀಲು ಆಡುತ್ತದೆ, ಆದರೆ ಹೊರೆ ಹೊರುವವನಿಗೂ ಕಲ್ಲುನೆಲದಲ್ಲಿ ದುಡಿಯುವವನಿಗೂ ಅಷ್ಟು ಹೊಂದುವುದಿಲ್ಲ. ಎಲುಬಿನ ವೈದ್ಯರ ಮುಂದೆ ಕೂತಾಗ 'ನಾನು ಇಂತಹ ಕೆಲಸ ಮಾಡುವವನು' ಎಂದು ಮೊದಲೇ ತಿಳಿಸಿ.

ತಿಳಿಸುವ ಭಾಷೆಯ ಪ್ರಶ್ನೆ ನಮ್ಮವರಿಗೆ ಯಾವಾಗಲೂ ಇದ್ದದ್ದೇ. ಆಸ್ಪತ್ರೆಯಲ್ಲಿ ಕನ್ನಡ ಬಾರದ ಡಾಕ್ಟರರು ಸಿಕ್ಕರೆ ಗಾಬರಿಯಾಗಬೇಕಾದದ್ದಿಲ್ಲ. ನಮ್ಮ ಉಳುಕು ಮಲೆಯಾಳದಲ್ಲಿ ಉಳುಕ್ಕ್, ತಮಿಳಿನಲ್ಲಿ ಸುಳುಕ್ಕು. ಇವೆರಡೂ ಕಿವಿಗೇ ತಿಳಿಯುತ್ತವೆ. ತೆಲುಗಿನಲ್ಲಿ ಬೆಣುಕು ಎನ್ನಬೇಕು, ಮರಾಠಿಯಲ್ಲಿ ಪಾಯ ಮುರಗಳಲಾ ಎಂದರೆ ಸಾಕು. ಎಷ್ಟು ಸಲ ಉಳುಕಿದೆ, ಮೊದಲನೆಯದು ಯಾವ ವರ್ಷ ಎಂಬುದನ್ನು ಅವರು ಕೇಳದಿದ್ದರೂ ನೀವಾಗಿ ಹೇಳಿ. ಎಕ್ಸರೇ ಹಾಳೆಯ ಲಕೋಟೆಯ ಮೇಲೆ ತಾರೀಖು, ಎಡಗಾಲೋ ಬಲಗಾಲೋ ಎಂಬುದನ್ನು ಬರೆದು, ಹೊಲದ ಕಾಗದಪತ್ರ ಇಡುವ ಪೆಟ್ಟಿಗೆಯಲ್ಲಿಯೇ ಮಡಿಸದೆ ಇಡಿ.